ದರ ಆಯಿತು, ಮಾಲು ಎಲ್ಲಿ ಮುಟ್ಟಬೇಕು?

2021ರ ಜನವರಿಯಲ್ಲಿ ಸಿಂಧನೂರಿನ ಒಂದು ಭತ್ತದ ವ್ಯಾಪಾರ ದೇಶದ ಸುದ್ದಿಯಾಯಿತು. ರಿಲಯನ್ಸ್ ರಿಟೇಲ್ ಕಂಪನಿಯ ಏಜೆಂಟರು ಇಲ್ಲಿನ ಸ್ವಾಸ್ಥ್ಯ ರೈತ ಉತ್ಪಾದಕರ ಕಂಪನಿಯಿಂದ 1,000 ಕ್ವಿಂಟಲ್ ಸೋನಾ ಮಸೂರಿ ಭತ್ತ ಖರೀದಿಸಲು ಒಪ್ಪಂದ ಮಾಡಿಕೊಂಡಿದ್ದರು. ದರ ಕ್ವಿಂಟಲ್‌ಗೆ 1,950 ರೂಪಾಯಿ. ಆ ಹಂಗಾಮಿನ ಸಾಮಾನ್ಯ ಭತ್ತದ ಬೆಂಬಲ ಬೆಲೆ 1,868. ಅಂದರೆ 82 ರೂಪಾಯಿ ಮೇಲೆ. ಕೇಂದ್ರದ ಹೊಸ ಕೃಷಿ ಕಾಯ್ದೆಗಳ ವಿರುದ್ಧ ದೆಹಲಿಯ ಗಡಿಗಳಲ್ಲಿ ರೈತರು ಧರಣಿ ಕೂತಿದ್ದ ದಿನಗಳವು; ರಾಜ್ಯದಲ್ಲಿ ಎಪಿಎಂಸಿ ಪ್ರಾಂಗಣದ ಹೊರಗೂ ಮಾರಲು ದಾರಿ ಮಾಡಿಕೊಟ್ಟ ತಿದ್ದುಪಡಿ ಬಂದು ವರ್ಷವೂ ತುಂಬಿರಲಿಲ್ಲ. ಹೀಗಾಗಿ ಚರ್ಚೆಯೆಲ್ಲ ಕೊಳ್ಳುವವನ ಹೆಸರಿನ ಸುತ್ತಲೇ ನಡೆಯಿತು. ಆ 82 ರೂಪಾಯಿ ಕೆಲವರಿಗೆ ಹೊಸ ಕಾಲದ ಬಾಗಿಲಾಗಿ ಕಂಡಿತು, ಕೆಲವರಿಗೆ ಗಾಳಕ್ಕೆ ಸಿಕ್ಕಿಸಿದ ಎರೆಹುಳುವಾಗಿ ಕಂಡಿತು. ಅದೇ ಸುದ್ದಿಯ ಕೆಳಗಿನ ಸಾಲುಗಳ ಮೇಲೆ ಯಾರೂ ಅಷ್ಟಾಗಿ ಜಗಳವಾಡಲಿಲ್ಲ. ಭತ್ತದ ತೇವಾಂಶ ಶೇ 16ಕ್ಕಿಂತ ಕಡಿಮೆ ಇರಬೇಕು. ಪ್ರತಿ ನೂರು ರೂಪಾಯಿ ವಹಿವಾಟಿಗೆ ಒಂದೂವರೆ ರೂಪಾಯಿ ಕಮಿಷನ್ ರೈತರ ಕಂಪನಿಗೆ. ಚೀಲದ ಖರ್ಚು ಮತ್ತು ಸಿಂಧನೂರಿನವರೆಗಿನ ಸಾಗಣೆ ಖರ್ಚು ರೈತನದು. ಮಾಲು ಗೋದಾಮಿಗೆ ಬಂದ ಮೇಲೆ ಮೂರನೆಯವರಿಂದ ಗುಣಮಟ್ಟದ ಪರೀಕ್ಷೆ. ಅದರಲ್ಲಿ ಪಾಸಾದರೆ ಖರೀದಿ, ಆಮೇಲೆ ಹಣ.

ಈ ಸಾಲುಗಳನ್ನು ಲೆಕ್ಕಕ್ಕೆ ಇಳಿಸಿದರೆ 82 ರೂಪಾಯಿಯ ಆಕಾರ ಬೇರೆಯಾಗುತ್ತದೆ. 1,950ಕ್ಕೆ ಶೇ 1.5ರ ಕಮಿಷನ್ ಎಂದರೆ 29 ರೂಪಾಯಿ 25 ಪೈಸೆ. ಉಳಿದದ್ದು 52 ರೂಪಾಯಿ 75 ಪೈಸೆ. ನಮ್ಮ ಕಡೆ ಭತ್ತದ ಮಾತು ಕ್ವಿಂಟಲ್‌ನಲ್ಲಿ ನಡೆಯುವುದಿಲ್ಲ, 75 ಕೆ.ಜಿ. ಚೀಲದಲ್ಲಿ ನಡೆಯುತ್ತದೆ, ಆ ಲೆಕ್ಕದಲ್ಲಿ ಚೀಲವೊಂದಕ್ಕೆ ಉಳಿಯುವುದು ನಲವತ್ತು ರೂಪಾಯಿಗೂ ತುಸು ಕಡಿಮೆ. ಈ ನಲವತ್ತರಲ್ಲಿ ಖಾಲಿ ಚೀಲ ಬರಬೇಕು, ತುಂಬುವ ಹೊಲಿಯುವ ಹಮಾಲಿ ಬರಬೇಕು, ಟ್ರ್ಯಾಕ್ಟರಿನ ಬಾಡಿಗೆ ಬರಬೇಕು. ಸಿಂಧನೂರು ಪೇಟೆಗೆ ಅಂಟಿಕೊಂಡಿರುವ ಹೊಲದವನಿಗೆ ಏನಾದರೂ ಮಿಕ್ಕೀತು. ತುಂಗಭದ್ರೆಯ ದಂಡೆಯ ಮುಕ್ಕುಂದದವನಿಗೆ? ಅವನ ಭತ್ತವೂ ಅದೇ, ಕಾಗದದ ಮೇಲಿನ ದರವೂ ಅದೇ; ಕೈಗೆ ಬರುವ ರೊಕ್ಕ ಮಾತ್ರ ಅದೇ ಅಲ್ಲ. ಸರ್ಕಾರಿ ಖರೀದಿ ಕೇಂದ್ರಕ್ಕೂ ಭತ್ತವನ್ನು ರೈತನೇ ತಾನೇ ಒಯ್ಯಬೇಕು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಮಾತೇ. ಬೆಂಬಲ ಬೆಲೆಯೂ ಕಣದಲ್ಲಿ ಸಿಗುವ ಬೆಲೆ ಅಲ್ಲ. ಆದ್ದರಿಂದ ಆ ಒಪ್ಪಂದ ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಇಲ್ಲಿ ನನ್ನ ಉದ್ದೇಶವಲ್ಲ. ಅದರಲ್ಲಿ ಮೆಚ್ಚಬೇಕಾದ ಒಂದು ಗುಣವೇ ಇತ್ತು: ಯಾವ ಖರ್ಚು ಯಾರದು, ಮಾಲು ಎಲ್ಲಿ ಮುಟ್ಟಬೇಕು, ಯಾರು ಪರೀಕ್ಷೆ ಮಾಡುತ್ತಾರೆ ಎಂಬುದನ್ನು ಮೊದಲೇ ಹೇಳಿತ್ತು. ಈ ಸೀಮೆಯಲ್ಲಿ ನಿತ್ಯ ನಡೆಯುವ ಸಾವಿರಾರು ಚೀಲದ ವ್ಯಾಪಾರಗಳು ಅಷ್ಟನ್ನೂ ಹೇಳುವುದಿಲ್ಲ. ದರ ಹೇಳುತ್ತವೆ, ಸ್ಥಳ ಹೇಳುವುದಿಲ್ಲ. ಸ್ಥಳ ಹೇಳದ ದರ ಅರ್ಧ ದರ. ಉಳಿದ ಅರ್ಧವನ್ನು ಆಮೇಲೆ ಯಾರ ಕೈ ಮೇಲಿದೆಯೋ ಅವರು ತುಂಬಿಕೊಳ್ಳುತ್ತಾರೆ.

ಸುಗ್ಗಿಯ ದಿನಗಳಲ್ಲಿ ಆಗುವುದನ್ನು ಹತ್ತಿರದಿಂದ ನೋಡಿದರೆ ಆ ಅರ್ಧ ಎಲ್ಲಿ ಅಡಗಿದೆ ಎಂದು ತಿಳಿಯುತ್ತದೆ. ಕಟಾವು ಯಂತ್ರ ಗದ್ದೆಯ ಬದುವಿಗೆ ಬಂದು ಟ್ರಾಲಿಗೆ ಸುರಿಯುವ ಭತ್ತ ಹಸಿಯಾಗಿರುತ್ತದೆ. ಒಣಗಿಸಲು ಕಣವಿಲ್ಲದವರು ರಸ್ತೆಯ ಒಂದು ಬದಿಗೆ ಅದನ್ನು ಹರವುತ್ತಾರೆ, ಸಂಜೆಗೆ ರಾಶಿ ಮಾಡಿ ತಾಡಪತ್ರಿ ಹೊದಿಸುತ್ತಾರೆ. ದಲಾಲಿ ಬರುತ್ತಾನೆ, ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ತೆಗೆಯುತ್ತಾನೆ, ಅಂಗೈಯಲ್ಲಿ ಉಜ್ಜಿ ಹೊಟ್ಟು ಊದುತ್ತಾನೆ, ಎರಡು ಕಾಳು ಹಲ್ಲಿಗೆ ಕೊಟ್ಟು ಕಟ್ ಎನ್ನುವ ಸದ್ದು ಕೇಳುತ್ತಾನೆ, ಚೀಲಕ್ಕೆ ಇಷ್ಟು ಎನ್ನುತ್ತಾನೆ. ಒಂದೆರಡು ಮಾತಿನಲ್ಲಿ ದರ ಕುದುರುತ್ತದೆ. ‘ನಾಳೆ ಲಾರಿ ಬರ್ತದ’ ಎಂದು ಹೇಳಿ ಹೋಗುತ್ತಾನೆ. ನಾಳೆ ಎನ್ನುವುದು ಕೆಲವೊಮ್ಮೆ ನಾಳೆ, ಕೆಲವೊಮ್ಮೆ ನಾಲ್ಕು ದಿನ. ಲಾರಿ ಬಂದ ಮೇಲೆ ಹಮಾಲರು ಚೀಲ ತುಂಬಿ ಕಾಟಾ ಹಾಕುತ್ತಾರೆ, ಇಲ್ಲವೇ ತುಂಬಿದ ಗಾಡಿ ನೇರ ವೇಬ್ರಿಡ್ಜಿಗೆ ಹೋಗುತ್ತದೆ. ಲೋಡ್ ತೂಕ, ಖಾಲಿ ತೂಕ, ಕಳೆದು ಉಳಿದದ್ದು. ಅಲ್ಲಿಂದ ಮಿಲ್ಲು. ಮಿಲ್ಲಿನ ಗೇಟಿನಲ್ಲಿ ಇನ್ನೊಮ್ಮೆ ಸ್ಯಾಂಪಲ್, ತೇವಾಂಶದ ಮೀಟರ್. ಅಲ್ಲಿಂದ ಫೋನು: ಮಾಲು ಹಸಿ ಇದೆ, ಚೀಲಕ್ಕೆ ಇಷ್ಟು ಸೂಟ್, ಅಂದರೆ ತೂಕದ ಕಡಿತ, ತೆಗೆಯಬೇಕು. ದರ ಕುದುರಿದ ಗಳಿಗೆಯಿಂದ ಈ ಫೋನಿನವರೆಗೆ ಭತ್ತ ಯಾರದಾಗಿತ್ತು? ನಡುವಿನ ರಾತ್ರಿ ಮಳೆ ಬಂದಿದ್ದರೆ ಯಾರ ಭತ್ತ ತೊಯ್ದಂತೆ? ಲಾರಿ ದಾರಿಯಲ್ಲಿ ಮಗುಚಿದ್ದರೆ? ಕೇಳಿದರೆ ‘ಅದೆಲ್ಲ ಹೊಂದಾಣಿಕೆ’ ಎಂಬ ಉತ್ತರ ಬರುತ್ತದೆ. ಈ ಹೊಂದಾಣಿಕೆಯಲ್ಲಿ ನಷ್ಟ ಹರಿಯುವ ದಿಕ್ಕು ಸಾಮಾನ್ಯವಾಗಿ ಒಂದೇ.

ವಿಚಿತ್ರವೆಂದರೆ ಇವೆಲ್ಲಕ್ಕೂ ಉತ್ತರ ಇಲ್ಲದಿಲ್ಲ. 1930ರ ಸರಕು ಮಾರಾಟ ಕಾಯ್ದೆ ಇದನ್ನೇ ಮೊದಲಿನಿಂದ ಕೊನೆಯವರೆಗೆ ಮಾತಾಡುತ್ತದೆ. ಆ ಕಾಯ್ದೆ ಬಂದಾಗ ನಮ್ಮ ರಾಯಚೂರು ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು, ಹಾಗಾಗಿ ಅದು ಇಲ್ಲಿಗೆ ವಿಸ್ತರಿಸಿದ್ದು 1951ರಲ್ಲಿ. ತುಂಗಭದ್ರಾ ಜಲಾಶಯ ಪೂರ್ಣಗೊಂಡದ್ದು 1953ರಲ್ಲಿ. ಕಾಲುವೆಯ ನೀರಿಗಿಂತ ಮುಂಚೆ ಕಾನೂನು ಬಂದಿತ್ತು ಎನ್ನಬೇಕು. ನೀರಾದರೂ ಹೊಲ ಮುಟ್ಟಿತು. (ಕೊನೇ ಭಾಗದ ರೈತರು ಈ ಮಾತನ್ನೂ ಒಪ್ಪುವುದಿಲ್ಲ, ಇರಲಿ.) ಕಾಯ್ದೆಯ ಸೆಕ್ಷನ್ 36 ಹೇಳುವುದು ಸರಳ. ಮಾಲನ್ನು ಮಾರಿದವನು ಕಳಿಸಬೇಕೋ ಕೊಂಡವನು ಬಂದು ಎತ್ತಬೇಕೋ ಎಂಬುದು ಅವರವರ ಒಪ್ಪಂದಕ್ಕೆ ಬಿಟ್ಟದ್ದು. ಒಪ್ಪಂದದಲ್ಲಿ ಏನೂ ಹೇಳಿಲ್ಲವಾದರೆ ಮಾರಾಟದ ಹೊತ್ತಿಗೆ ಮಾಲು ಎಲ್ಲಿತ್ತೋ ಅಲ್ಲೇ ಒಪ್ಪಿಸಿದರೆ ಸಾಕು. ಇನ್ನೂ ಬೆಳೆಯಬೇಕಾದ ಮಾಲಾದರೆ ಅದು ಬೆಳೆದ ಜಾಗದಲ್ಲಿ. ಅಂದರೆ ಬಾಯಿ ಮುಚ್ಚಿಕೊಂಡಿದ್ದರೂ ಕಾನೂನು ರೈತನ ಪರವಾಗಿ ‘ಹೊಲದಲ್ಲಿ’ ಎಂದು ಬರೆದುಕೊಂಡಿದೆ. ಮಾಲನ್ನು ಒಪ್ಪಿಸುವ ಸ್ಥಿತಿಗೆ ತರುವ ಖರ್ಚು ಮಾತ್ರ ಮಾರುವವನದು ಎಂದು ಅದೇ ಸೆಕ್ಷನ್ ಸೇರಿಸುತ್ತದೆ. ಒಣಗಿಸುವುದು, ತೂರುವುದು ಅವನ ತಲೆಗೆ. ಲಾರಿಯ ಬಾಡಿಗೆ ಅಲ್ಲ. ಕೊಡುವುದಕ್ಕೂ ಕೇಳುವುದಕ್ಕೂ ಯೋಗ್ಯವಾದ ಹೊತ್ತಿರಬೇಕು ಎಂಬುದೂ ಅಲ್ಲಿದೆ. ರಾತ್ರಿ ಹನ್ನೆರಡಕ್ಕೆ ಲಾರಿ ತಂದು ‘ಈಗಲೇ ಲೋಡ್ ಮಾಡು, ಇಲ್ಲಾಂದ್ರ ಬ್ಯಾಡ’ ಎನ್ನುವವನಿಗೆ ಆ ಸಾಲು ಓದಿ ಹೇಳಬೇಕಾದದ್ದು.

ನಷ್ಟದ ವಿಷಯ ಇನ್ನೂ ಸೂಕ್ಷ್ಮ. ಮಾಲಿನ ಒಡೆತನ ಯಾರದೋ ನಷ್ಟವೂ ಅವರದು ಎಂಬುದು ಸೆಕ್ಷನ್ 26ರ ಮೂಲಸೂತ್ರ. ಹಾಗಾದರೆ ಒಡೆತನ ಯಾವಾಗ ದಾಟುತ್ತದೆ? ದರ ನಿರ್ಧರಿಸಲು ಮಾರುವವನು ತೂಕ ಮಾಡಬೇಕಾಗಿದ್ದರೆ, ತೂಕ ಮುಗಿದು ಅದು ಕೊಳ್ಳುವವನಿಗೆ ಗೊತ್ತಾಗುವವರೆಗೆ ಒಡೆತನ ದಾಟುವುದಿಲ್ಲ ಎನ್ನುತ್ತದೆ ಸೆಕ್ಷನ್ 22. ಇದರಿಂದ ನಮ್ಮ ರಾಶಿಯ ಕಥೆ ಸ್ಪಷ್ಟವಾಯಿತು ಎನ್ನಿಸಬಹುದು: ಕಾಟಾ ಆಗುವ ತನಕ ರೈತನದು, ಕಾಟಾ ಆದ ಮೇಲೆ ಖರೀದಿದಾರನದು. ಆದರೆ ತೂಕ ಮಾಡುವವನು ಕೊಳ್ಳುವವನೇ ಆದಾಗ? 1863ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದರ ಮುಂದೆ ಇಂಥದೇ ಪ್ರಶ್ನೆ ಬಂದಿತ್ತು, ಟರ್ಲಿ ಮತ್ತು ಬೇಟ್ಸ್ ಎಂಬಿಬ್ಬರ ನಡುವೆ. ಅಲ್ಲಿದ್ದದ್ದು ಭತ್ತದ ರಾಶಿಯಲ್ಲ, ಜೇಡಿಮಣ್ಣಿನ ರಾಶಿ. ಟನ್ನಿಗೆ ಇಷ್ಟು ಎಂದು ಇಡೀ ರಾಶಿ ಮಾರಾಟವಾಗಿತ್ತು. ಕೊಂಡವನು ತನ್ನ ಗಾಡಿಯಲ್ಲಿ ಒಯ್ದು ತೂಕ ಮಾಡಿಸಬೇಕಿತ್ತು. ತೂಕ ಬಾಕಿ ಇದ್ದರೂ ಇಡೀ ರಾಶಿಯ ಒಡೆತನ ಕೊಂಡವನಿಗೆ ಹೋಗಿತ್ತು ಎಂದು ತೀರ್ಪಾಯಿತು. ಇಬ್ಬರ ಉದ್ದೇಶ ಹಾಗಿತ್ತು ಎಂಬುದು ಕಾರಣ. ನಮ್ಮ ಕಾಯ್ದೆ ಆ ಇಂಗ್ಲಿಷ್ ಕಾನೂನಿನ ಅಚ್ಚಿನಿಂದಲೇ ಬಂದದ್ದು, ‘ಮಾರುವವನು ತೂಕ ಮಾಡಬೇಕಾಗಿದ್ದರೆ’ ಎಂಬ ಮಾತು ಅದರಲ್ಲೂ ಎಚ್ಚರದಿಂದ ಕೂತಿದೆ. ಹಾಗಾಗಿ ‘ಇಡೀ ರಾಶಿ ನಂದು, ತೂಕ ನಮ್ಮ ಮಿಲ್ಲಿನ ವೇಬ್ರಿಡ್ಜಲ್ಲಿ’ ಎಂದು ಹೇಳಿ ಹೋದ ಖರೀದಿದಾರ, ಆ ರಾತ್ರಿಯ ಮಳೆಯನ್ನೂ ಕೊಂಡುಕೊಂಡೇ ಹೋಗಿರಬಹುದು. ‘ಹೋಗಿರಬಹುದು’ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಉದ್ದೇಶವನ್ನು ಸಾಬೀತು ಮಾಡಲು ಸಾಕ್ಷಿ ಬೇಕು, ನಮ್ಮ ವ್ಯಾಪಾರದಲ್ಲಿ ಸಾಕ್ಷಿ ಎಂದರೆ ಒಂದು ಬಿಳಿ ಚೀಟಿ. ತಡದ ವಿಷಯದಲ್ಲಿ ಮಾತ್ರ ಇಷ್ಟು ಅನುಮಾನವಿಲ್ಲ. ಯಾರ ತಪ್ಪಿನಿಂದ ಒಪ್ಪಿಸುವುದು ತಡವಾಯಿತೋ, ಆ ತಡದಿಂದಲೇ ಆದ ನಷ್ಟ ಅವರದು ಎಂದು ಸೆಕ್ಷನ್ 26 ಬಾಯಿಬಿಟ್ಟು ಹೇಳುತ್ತದೆ, ಒಡೆತನ ಯಾರಲ್ಲೇ ಇರಲಿ.

ಇಷ್ಟೆಲ್ಲ ಬರೆದಿಟ್ಟ ಕಾನೂನು ಯಾಕೆ ಕೆಲಸಕ್ಕೆ ಬರುವುದಿಲ್ಲ? ಕೋರ್ಟು ದೂರ, ವಕೀಲರ ಫೀಸು ಜಾಸ್ತಿ ಎನ್ನುವುದು ಎಲ್ಲರೂ ಕೊಡುವ ಉತ್ತರ, ಸುಳ್ಳಲ್ಲ. ಅದಕ್ಕಿಂತ ಆಳದ ಕಾರಣ ಕಾಯ್ದೆಯೊಳಗೇ ಇದೆ. ಸೆಕ್ಷನ್ 62ರ ಪ್ರಕಾರ ಈ ನಿಯಮಗಳಿಂದ ಹುಟ್ಟುವ ಹಕ್ಕು ಬಾಧ್ಯತೆಗಳನ್ನು ಸ್ಪಷ್ಟ ಒಪ್ಪಂದದಿಂದ ಬದಲಿಸಬಹುದು, ಇಬ್ಬರ ನಡುವೆ ನಡೆದುಬಂದ ರೂಢಿಯಿಂದ ಬದಲಿಸಬಹುದು, ಇಬ್ಬರಿಗೂ ಅನ್ವಯಿಸುವಂಥ ಪೇಟೆಯ ವಾಡಿಕೆಯಿಂದಲೂ ಬದಲಿಸಬಹುದು. ಅಂದರೆ ಮಿಲ್ಲಿನ ಗೇಟಿನಲ್ಲಿ ಎರಡನೇ ಸಲ ಪರೀಕ್ಷೆ, ಅಲ್ಲಿ ಹೇಳಿದ ಕಡಿತ, ಅದಕ್ಕೆ ರೈತ ‘ಆಗಲಿ ಬಿಡ್ರಿ’ ಎಂದದ್ದು, ಇದು ಹತ್ತು ಸುಗ್ಗಿ ನಡೆದರೆ ಹನ್ನೊಂದನೆಯ ಸುಗ್ಗಿಯಲ್ಲಿ ‘ವಾಡಿಕೆ’ ಎಂದು ವಾದಿಸಲು ಬರುತ್ತದೆ. ಸುಮ್ಮನಿದ್ದದ್ದು ಕೇವಲ ಒಂದು ವರ್ಷದ ನಷ್ಟವಲ್ಲ, ಮುಂದಿನ ವರ್ಷಗಳ ನಿಯಮವೂ ಆಗುತ್ತದೆ. ಹೊಲದಲ್ಲಿ ಒಪ್ಪಿಸಿದರೆ ಸಾಕು ಎಂಬ ಕಾನೂನಿನ ಕೊಡುಗೆಯನ್ನು ನಾವು ಒಂದೊಂದೇ ಚೀಲದಂತೆ ಬಿಟ್ಟುಕೊಟ್ಟು, ಮಿಲ್ಲಿನಲ್ಲಿ ಒಪ್ಪಿಸಬೇಕು ಎಂಬ ವಾಡಿಕೆಯನ್ನು ಕಟ್ಟಿಕೊಂಡಿದ್ದೇವೆ.

ಇಲ್ಲಿ ಖರೀದಿದಾರರ ವಾದವನ್ನು ಕೇಳದೆ ಮುಂದೆ ಹೋಗುವುದು ಸರಿಯಲ್ಲ. ಅವರು ಹೇಳುವುದು ಹೀಗೆ: ಹಸಿ ಭತ್ತ ಕೊಂಡರೆ ತೂಕ ಇಳಿಯುತ್ತದೆ, ರಾಶಿಯ ಮೇಲೆ ಒಣಗಿದ್ದು ಒಳಗೆ ಹಸಿ ಇರುತ್ತದೆ, ಕೈಯಲ್ಲಿ ಉಜ್ಜಿ ನೋಡಿ ಎಲ್ಲ ತಿಳಿಯುವುದಿಲ್ಲ, ಹಾಗಾಗಿ ಮಿಲ್ಲಿನಲ್ಲಿ ಮೀಟರ್ ಹಚ್ಚದೆ ಗತಿಯಿಲ್ಲ. ತೂಕ ಇಳಿಯುವ ಮಾತು ಸಂಪೂರ್ಣ ನಿಜ. ಶೇ 20 ತೇವಾಂಶದ 75 ಕೆ.ಜಿ. ಭತ್ತದಲ್ಲಿ ಒಣ ಪದಾರ್ಥ 60 ಕೆ.ಜಿ. ಅದನ್ನು ಶೇ 14ಕ್ಕೆ ಒಣಗಿಸಿದರೆ ಉಳಿಯುವುದು 70 ಕೆ.ಜಿ.ಗೂ ತುಸು ಕಡಿಮೆ. ಚೀಲಕ್ಕೆ ಐದು ಕೆ.ಜಿ. ಮೀರಿ ನೀರು. ಅದೇ ಭತ್ತ ಶೇ 17ರಲ್ಲಿದ್ದರೆ ಇಳಿಯುವುದು ಸುಮಾರು ಎರಡೂವರೆ ಕೆ.ಜಿ. ಸರ್ಕಾರಿ ಖರೀದಿಯ ಮಿತಿಯೂ ಶೇ 17. ನೀರಿಗೆ ಭತ್ತದ ದರ ಕೊಡು ಎಂದು ಯಾವ ಮಿಲ್ಲಿನವರನ್ನೂ ಕೇಳಲಾಗದು. ಆದರೆ ಈ ಲೆಕ್ಕವೇ ತೋರಿಸುತ್ತದೆ, ಮೀಟರ್ ಹೇಳುವ ಮೂರು ಅಂಕೆಯ ವ್ಯತ್ಯಾಸಕ್ಕೆ ಚೀಲಕ್ಕೆ ಎರಡೂವರೆ ಕೆ.ಜಿ. ಹೆಚ್ಚುಕಡಿಮೆಯಾಗುತ್ತದೆ. ಇಷ್ಟು ತೂಕದ ನಿರ್ಧಾರವನ್ನು ಒಬ್ಬರೇ ಇರುವ ಜಾಗದಲ್ಲಿ, ಮಾಲು ಲಾರಿಯಿಂದ ಅರ್ಧ ಇಳಿದ ಮೇಲೆ ಮಾಡುವುದು ಯಾವ ನ್ಯಾಯ? ಕೊಳ್ಳುವವನಿಗೆ ಮಾಲನ್ನು ಪರೀಕ್ಷಿಸುವ ಹಕ್ಕು ಸೆಕ್ಷನ್ 41ರಲ್ಲಿ ಇದ್ದೇ ಇದೆ. ಒಪ್ಪಿಸುವ ಹೊತ್ತಿನಲ್ಲಿ ಕೇಳಿದರೆ ಮಾರುವವನು ಅದಕ್ಕೆ ಅವಕಾಶ ಕೊಡಲೇಬೇಕು. ತೇವಾಂಶದ ಮೀಟರು ಕೈಚೀಲದಲ್ಲಿ ಹಿಡಿಸುವ ಸಲಕರಣೆ. ಅದನ್ನು ಹೊಲಕ್ಕೆ ತರಲಾಗದು ಎನ್ನುವವರು, ತರುವುದು ಬೇಡ ಎನ್ನುತ್ತಿದ್ದಾರೆ ಅಷ್ಟೇ. ಹೊಲದಲ್ಲಿ ಇಬ್ಬರ ಎದುರು ರಾಶಿಯ ಮೇಲಿನ, ನಡುವಿನ, ತಳದ ಸ್ಯಾಂಪಲ್ ನೋಡಿ ಅಂಕೆ ಬರೆದುಕೊಂಡರೆ ಮಿಲ್ಲಿನ ಗೇಟಿನ ಫೋನು ನಿಲ್ಲುತ್ತದೆ. ದಾರಿಯಲ್ಲಿ ಸಹಜವಾಗಿ ಆಗುವ ಇಳಿಕೆ, ಒಣಗುವಿಕೆ ಕೊಂಡವನದೇ ಎಂದು ಸೆಕ್ಷನ್ 40 ಹೇಳುತ್ತದೆ, ಮಾರಿದವನೇ ತನ್ನ ಜವಾಬ್ದಾರಿಯಲ್ಲಿ ಮುಟ್ಟಿಸಲು ಒಪ್ಪಿದ್ದರೂ ಕೂಡ. ಇನ್ನು, ಮಿಲ್ಲಿನ ದೊಡ್ಡ ರಾಶಿಗೆ ಸುರಿದು ಬೆರೆಸಿದ ಮೇಲೆ ‘ಈ ಮಾಲು ನಮಗೆ ಬ್ಯಾಡ’ ಎನ್ನುವ ದಾರಿ ಮುಚ್ಚುತ್ತದೆ. ತನ್ನದೆಂಬಂತೆ ಬಳಸಿದ್ದನ್ನು ಸ್ವೀಕರಿಸಿದಂತೆಯೇ ಎಂದು ಸೆಕ್ಷನ್ 42. ದರ ಕಡಿತ ಕೇಳಲು ಆಮೇಲೂ ಅವಕಾಶವಿದೆ ನಿಜ, ಆದರೆ ಮಾಲು ಕೆಟ್ಟಿತ್ತು ಎಂದು ತೋರಿಸುವ ಹೊಣೆ ಆಗ ಅವರದು.

ಇದು ಬಡ ರೈತನ ಗೋಳು, ದೊಡ್ಡ ವ್ಯಾಪಾರಿಗಳಿಗೆ ಇದರ ಗೊಡವೆ ಇಲ್ಲ ಎಂದುಕೊಳ್ಳುವುದು ತಪ್ಪಾದೀತು. ಜಗತ್ತಿನ ದೊಡ್ಡ ವ್ಯಾಪಾರಿಗಳು ಇದೇ ಜಗಳದಲ್ಲಿ ಸುಸ್ತಾಗಿ 1936ರಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ಮೂಲಕ ಒಂದು ಪಟ್ಟಿ ಮಾಡಿಸಿದರು. ಇನ್‌ಕೋಟರ್ಮ್ಸ್ ಎಂದು ಅದಕ್ಕೆ ಹೆಸರು. 2020ರ ಆವೃತ್ತಿಯಲ್ಲಿ ಹನ್ನೊಂದು ಮೂರಕ್ಷರದ ಸಂಕೇತಗಳಿವೆ. ಇಎಕ್ಸ್‌ಡಬ್ಲ್ಯು ಎಂದರೆ ಮಾಲು ನನ್ನ ಅಂಗಳದಲ್ಲಿದೆ, ಬಂದು ಎತ್ತಿಕೊಂಡು ಹೋಗು. ಆ ತುದಿಯ ಡಿಡಿಪಿ ಎಂದರೆ ಸುಂಕವನ್ನೂ ಕಟ್ಟಿ ನಿನ್ನ ಬಾಗಿಲಿಗೇ ತರುತ್ತೇನೆ. ನಡುವೆ ಎಫ್ಒಬಿ: ಹಡಗಿನ ಮೇಲೆ ಇಡುವವರೆಗೆ ನನ್ನದು, ಆಮೇಲೆ ನಿನ್ನದು. 2010ರ ಆವೃತ್ತಿ ಬರುವವರೆಗೆ ಹಡಗಿನ ಅಂಚಿನ ಕಟಕಟೆಯನ್ನು ಮಾಲು ದಾಟಿದ ಕ್ಷಣವನ್ನೇ ಗೆರೆ ಎಂದು ಇಟ್ಟುಕೊಂಡಿದ್ದರು, ಕ್ರೇನಿನಲ್ಲಿ ತೂಗಾಡುವ ಮೂಟೆ ಕಟಕಟೆಯ ಈಚೆ ಬಿತ್ತೋ ಆಚೆ ಬಿತ್ತೋ ಎಂಬ ವಾದಕ್ಕೆ ಬೇಸತ್ತು ಅದನ್ನು ಬಿಟ್ಟರು. ಗೆರೆ ಎಲ್ಲಿದೆ ಎಂಬುದು ಎಷ್ಟು ಮುಖ್ಯ ಎಂದು ಅಕ್ಕಿಯವರಿಗೆ 2023ರ ಜುಲೈ 20ರಂದು ಗೊತ್ತಾಯಿತು. ಆ ದಿನ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅಮೆರಿಕದ ಕನ್ನಡ ಮನೆಗಳು ಅನ್ನ ಮಾಡುವ ಸೋನಾ ಮಸೂರಿಯೂ ಅದರಲ್ಲಿ ಸೇರಿತು. ಆದೇಶಕ್ಕೆ ಮುಂಚೆಯೇ ಹಡಗಿಗೆ ತುಂಬುವುದು ಶುರುವಾಗಿದ್ದ ಸರಕಿಗೆ ವಿನಾಯಿತಿ ಇತ್ತು. ಎಫ್ಒಬಿ ದರಕ್ಕೆ ಮಾರಿದವನಿಗೆ ರಫ್ತಿನ ಪರವಾನಗಿ, ಕಸ್ಟಮ್ಸ್ ಎಲ್ಲ ತನ್ನ ಹೊಣೆ. ಗೋದಾಮಿನ ಬಾಗಿಲಲ್ಲಿ ಇಎಕ್ಸ್‌ಡಬ್ಲ್ಯುಗೆ ಮಾರಿದವನಿಗೆ ಆ ತಲೆನೋವಿಲ್ಲ, ಅದು ಕೊಳ್ಳುವವನದು. ಒಂದೇ ಅಕ್ಕಿ, ಒಂದೇ ದಿನ, ಮೂರು ಅಕ್ಷರದ ವ್ಯತ್ಯಾಸ. ಬಂದರಿನಲ್ಲಿ ಇಷ್ಟು ಎಚ್ಚರ ವಹಿಸುವ ವ್ಯಾಪಾರ, ಅದೇ ಅಕ್ಕಿ ಭತ್ತವಾಗಿ ಹೊಲದ ಬದುವಿನಲ್ಲಿದ್ದಾಗ ‘ಹೊಂದಾಣಿಕೆ’ ಎನ್ನುವುದನ್ನು ನಾನು ಹಳ್ಳಿಯ ಮುಗ್ಧತೆ ಎಂದು ಒಪ್ಪಲಾರೆ. ಅಸ್ಪಷ್ಟತೆಯಿಂದ ಲಾಭವಾಗುವ ಕಡೆ ಅಸ್ಪಷ್ಟತೆ ಉಳಿದುಕೊಳ್ಳುತ್ತದೆ.

ಈವರೆಗಿನ ವಾದದ ವಿರುದ್ಧ ಅತ್ಯಂತ ಗಟ್ಟಿಯಾದ ಆಕ್ಷೇಪ ರೈತರ ಕಡೆಯಿಂದಲೇ ಬರಬೇಕು, ಬರುತ್ತದೆ ಕೂಡ. ಹೊಲದಲ್ಲೇ ಮಾಲು ಒಪ್ಪಿಸಿದೆವು ಎಂದಿಟ್ಟುಕೊಳ್ಳಿ. ಮಳೆಯ ಭಯ ಹೋಯಿತು, ಲಾರಿ ಮಗುಚುವ ಭಯ ಹೋಯಿತು, ಗೇಟಿನ ಕಡಿತ ಹೋಯಿತು. ಆದರೆ ಮಾಲೂ ಹೋಯಿತಲ್ಲ! ರೊಕ್ಕ ಇನ್ನೂ ಬಂದಿಲ್ಲ. ಈ ಭಾಗದಲ್ಲಿ ಉದ್ರಿ ಒಯ್ದ ವ್ಯಾಪಾರಿ ಊರು ಬಿಟ್ಟ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಭತ್ತ ಕೊಟ್ಟವರು ಬೀಗ ಬಿದ್ದ ಅಂಗಡಿಯ ಮುಂದೆ, ಆಮೇಲೆ ಪೊಲೀಸ್ ಠಾಣೆಯ ಮುಂದೆ ಕೂತಿರುತ್ತಾರೆ. ಕಾನೂನು ಕೂಡ ಇಲ್ಲಿ ಎರಡು ಅಲುಗಿನದು. ಹಣ ಬಾರದ ಮಾರಾಟಗಾರನಿಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಇದೆ, ಸೆಕ್ಷನ್ 47. ಕೊಂಡವನು ದಿವಾಳಿಯಾದರೆ ಲಾರಿಯಲ್ಲಿರುವ ಮಾಲನ್ನು ದಾರಿಯಲ್ಲೇ ತಡೆಯುವ ಹಕ್ಕೂ ಇದೆ, ಸೆಕ್ಷನ್ 50. ಆದರೆ ಮಾಲು ಕೊಂಡವನ ಕೈ ಸೇರಿದ ಮೇಲೆ ಹಿಡಿದಿಡುವ ಹಕ್ಕು ಮುಗಿಯಿತು. ಮುಂದೆ ದಾವೆ ಹೂಡುವುದೊಂದೇ. ಹೊಲದಲ್ಲಿ ಬೇಗ ಒಪ್ಪಿಸಿದಷ್ಟೂ ನಷ್ಟದ ಹೊಣೆ ಬೇಗ ಇಳಿಯುತ್ತದೆ, ಹಣದ ಮೇಲಿನ ಹಿಡಿತವೂ ಬೇಗ ಸಡಿಲುತ್ತದೆ. ಮಿಲ್ಲಿನವರೆಗೂ ಮಾಲು ನನ್ನದೇ ಇರಲಿ ಎಂದು ಕೆಲವು ರೈತರು ತಾವೇ ಟ್ರ್ಯಾಕ್ಟರ್ ಏರಿ ಹೋಗುವುದರ ಹಿಂದೆ ಈ ಬುದ್ಧಿ ಇದೆ. ಅದನ್ನು ಅಜ್ಞಾನ ಎನ್ನಲಾಗದು.

ಈ ಗಂಟನ್ನು ಬಿಡಿಸುವ ಸುಳಿವು ಆ ಬಂದರಿನ ಪಟ್ಟಿಯಲ್ಲೇ ಇದೆ. ಇನ್‌ಕೋಟರ್ಮ್ಸ್ ಖರ್ಚು, ಒಪ್ಪಿಸುವ ಜಾಗ, ನಷ್ಟದ ಹೊಣೆ ಇಷ್ಟನ್ನು ಮಾತ್ರ ಹೇಳುತ್ತದೆ. ಒಡೆತನ ಯಾವಾಗ ದಾಟುತ್ತದೆ ಎಂಬುದನ್ನು ಬೇಕೆಂದೇ ಮುಟ್ಟುವುದಿಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು, ಬೇರೆ ಬೇರೆ ಉತ್ತರ ಕೊಡಬಹುದು ಎಂಬುದು ಅದರ ಅರ್ಥ. ನಮ್ಮ ಕಾಯ್ದೆಯಲ್ಲೂ ಇದಕ್ಕೆ ಜಾಗವಿದೆ. ಒಂದು ಷರತ್ತು ಈಡೇರುವ ತನಕ ಒಡೆತನವನ್ನು ತನ್ನಲ್ಲೇ ಉಳಿಸಿಕೊಳ್ಳಲು ಮಾರುವವನಿಗೆ ಸೆಕ್ಷನ್ 25 ಅವಕಾಶ ಕೊಡುತ್ತದೆ. ಒಡೆತನದ ಜೊತೆಗೇ ನಷ್ಟ ಎಂಬ ಸೆಕ್ಷನ್ 26ರ ಸೂತ್ರಕ್ಕೆ ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಬಾಲವಿದೆ. ಆ ಬಾಲ ಹಿಡಿದು ಎರಡನ್ನೂ ಬೇರ್ಪಡಿಸಬಹುದು: ಹೊಲದ ಕಾಟಾ ಆದ ಕೂಡಲೇ ನಷ್ಟದ ಹೊಣೆ ಖರೀದಿದಾರನದು, ಪೂರ್ತಿ ರೊಕ್ಕ ಮುಟ್ಟುವ ತನಕ ಒಡೆತನ ರೈತನದು. ಕೊಂಡವನು ಅದನ್ನು ಏನೂ ಅರಿಯದ ಮೂರನೆಯವನಿಗೆ ಮಾರಿಬಿಟ್ಟರೆ ಅಥವಾ ಅಕ್ಕಿ ಮಾಡಿಬಿಟ್ಟರೆ ಈ ಹಕ್ಕು ಎಷ್ಟು ದೂರ ಬರುತ್ತದೆ ಎಂಬುದು ಬೇರೆ ಮಾತು. ಕಾಗದದ ಹಕ್ಕು ರೊಕ್ಕದ ಜಾಗದಲ್ಲಿ ನಿಲ್ಲುವುದಿಲ್ಲ. ಅದಕ್ಕೇ ಹಣ ಮತ್ತು ಮಾಲು ಒಟ್ಟಿಗೇ ಕೈಬದಲಾಗಬೇಕು ಎಂಬ ಸೆಕ್ಷನ್ 32ರ ಮೂಲ ನಿಯಮವನ್ನು ಉದ್ರಿಯ ವಾಡಿಕೆ ನುಂಗಲು ಬಿಡಬಾರದು. ಅದೇ ದಿನ ಪೂರ್ತಿ ಸಾಧ್ಯವಿಲ್ಲ ಎಂದರೆ ಲಾರಿ ಹೊರಡುವ ಮುಂಚೆ ಇಷ್ಟು, ಉಳಿದದ್ದು ಇಂಥ ತಾರೀಖು ಎಂದಾದರೂ ಇರಬೇಕು. ಆಮೇಲೆ ರದ್ದಾದ 2020ರ ಕೇಂದ್ರದ ವ್ಯಾಪಾರ ಕಾಯ್ದೆಯೂ ಅದೇ ದಿನ, ತಪ್ಪಿದರೆ ಮೂರು ಕೆಲಸದ ದಿನಗಳೊಳಗೆ ಎಂದು ಬರೆದಿತ್ತು. ಆ ಕಾಯ್ದೆಯ ಬಗ್ಗೆ ಏನೇ ಅಭಿಪ್ರಾಯವಿದ್ದರೂ ಆ ಒಂದು ಸಾಲನ್ನು ವಿರೋಧಿಸಿದ ರೈತ ಸಿಗುವುದು ಕಷ್ಟ.

‘ಇದೆಲ್ಲ ಬರೆಯಿರಿ ಎಂದರೆ ಖರೀದಿದಾರ ಪಕ್ಕದ ಹೊಲಕ್ಕೆ ಹೋಗುತ್ತಾನೆ’ ಎನ್ನುವವರಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಅರ್ಧ ಉತ್ತರವಿದೆ. ಹೋಗುತ್ತಾನೆ, ನಿಜ. ಹೊಲದಲ್ಲೇ ಒಪ್ಪಿಸುವುದು ಎಂದು ಖಚಿತವಾದರೆ ಲಾರಿ ಬಾಡಿಗೆಯನ್ನೂ ಮಳೆಯ ಭಯವನ್ನೂ ಅವನು ದರದಲ್ಲಿ ಕಡಿಮೆ ಮಾಡಿಯೇ ಹೇಳುತ್ತಾನೆ, ಅದೂ ನಿಜ. ಮೊದಲ ವರ್ಷ ಕೈಗೆ ಬರುವ ಮೊತ್ತ ಒಂದು ರೂಪಾಯಿಯೂ ಹೆಚ್ಚದಿರಬಹುದು. ಆದರೆ ಆಗ ಆ ಕಡಿತ ದರದೊಳಗೆ ಕಣ್ಣಿಗೆ ಕಾಣುವಂತೆ ಇರುತ್ತದೆ, ಎರಡು ದಲಾಲಿಗಳ ದರವನ್ನು ಪಕ್ಕಪಕ್ಕ ಇಟ್ಟು ನೋಡಲು ಬರುತ್ತದೆ. ಹೊಲದ ದರ 1,400, ಮಿಲ್ಲಿನ ದರ 1,450 ಎಂದು ಇಬ್ಬರು ಹೇಳಿದರು ಎಂದಿಟ್ಟುಕೊಂಡರೆ, ಚೀಲಕ್ಕೆ 50 ರೂಪಾಯಿಯಲ್ಲಿ ನಾನೇ ಮುಟ್ಟಿಸಬಲ್ಲೆನೇ ಎಂದು ಟ್ರ್ಯಾಕ್ಟರ್ ಇರುವವನು ಲೆಕ್ಕ ಹಾಕಬಹುದು. ಇಂದು ಆ ಲೆಕ್ಕಕ್ಕೆ ಕೈಗೆ ಸಿಗುವ ಅಂಕೆಯೇ ಇಲ್ಲ. ಉಳಿದರ್ಧ ಒಬ್ಬ ರೈತನಿಂದ ಆಗುವಂಥದ್ದಲ್ಲ. ಒಂದು ಊರಿನ ಅಷ್ಟೂ ರಾಶಿ ಒಂದೇ ಷರತ್ತಿಗೆ ಮಾರಾಟವಾದಾಗ ಮಾತ್ರ ಪಕ್ಕದ ಹೊಲ ಎಂಬುದು ಇರುವುದಿಲ್ಲ. ರೈತ ಉತ್ಪಾದಕರ ಕಂಪನಿಗಳು ಇರುವುದೇ ಅದಕ್ಕೆ. 2021ರ ಆ ಒಪ್ಪಂದದಲ್ಲಿ ಕಂಪನಿ ದರ ಚೌಕಾಸಿ ಮಾಡಿತು, ಚೀಲ ಮತ್ತು ಸಾಗಣೆಯನ್ನು ರೈತರಿಗೆ ಬಿಟ್ಟಿತು. ಮುಂದೆ ಇಂಥ ಕಂಪನಿಗಳು 82 ರೂಪಾಯಿಯನ್ನು 90 ಮಾಡಲು ಹೋರಾಡುವುದಕ್ಕಿಂತ ಮಾಲು ಎತ್ತುವ ಜಾಗವನ್ನು ಸಿಂಧನೂರಿನ ಗೋದಾಮಿನಿಂದ ಊರ ಮುಂದಿನ ಕಣಕ್ಕೆ ತರಲು ಹೋರಾಡಿದರೆ ದೂರದ ಊರುಗಳವರು ಹೆಚ್ಚು ಗಳಿಸುತ್ತಾರೆ. ನೂರು ಟ್ರ್ಯಾಕ್ಟರುಗಳ ಬಾಡಿಗೆಗಿಂತ ಹತ್ತು ಲಾರಿಗಳ ಬಾಡಿಗೆ ಕಡಿಮೆ ಬೀಳುತ್ತದೆ. ಉಳಿತಾಯ ಹಂಚಿಕೊಳ್ಳಲು ಕೊಳ್ಳುವವನಿಗೂ ಕಾರಣವಿದೆ.

ನಂಬಿಕೆಯ ಮೇಲೆ ನಡೆಯುವ ವ್ಯಾಪಾರಕ್ಕೆ ಕಾಗದ ತಂದರೆ ನಂಬಿಕೆ ಕೆಡುತ್ತದೆ ಎಂಬ ಮಾತೂ ಇದೆ. ಅದಕ್ಕೆ ಹೆಚ್ಚು ಹೊತ್ತು ಬೇಡ: ಕಾಗದ ಈಗಲೂ ಇದೆ, ಒಂದೇ ಕಡೆಯವರು ಬರೆಯುತ್ತಾರೆ. ಬೇಕಾಗಿರುವುದು ವಕೀಲರ ಕರಾರುಪತ್ರವಲ್ಲ. ಆ ಬಿಳಿ ಚೀಟಿಯ ಮೇಲೆಯೇ, ಎರಡು ಪ್ರತಿಯಲ್ಲಿ, ಇಷ್ಟು ಬರೆದರೆ ಸಾಕು: ಮಾಲು ಎತ್ತುವ ಜಾಗ ಮತ್ತು ತಾರೀಖು, ಯಾವ ಕಾಟಾದ ತೂಕ ಕೊನೆಯದು, ಆ ಹೊತ್ತಿನ ತೇವಾಂಶ ಎಷ್ಟು, ಚೀಲ, ಹಮಾಲಿ, ಬಾಡಿಗೆ ಯಾರದು, ರೊಕ್ಕ ಯಾವ ದಿನ, ತೂಕ ಆದ ಮೇಲೆ ಹೊಣೆ ಯಾರದು. ಮುಖಕ್ಕೆ ಮುಖ ಕೊಟ್ಟು ಬರೆಸಿಕೊಳ್ಳಲು ಸಂಕೋಚವಾದರೆ ಫೋನಿನಲ್ಲಿ ಸಂದೇಶ ಕಳಿಸಿ ‘ಹೌದು’ ಎನ್ನಿಸಿಕೊಂಡರೂ ಆದೀತು, ಅದೂ ಸಾಕ್ಷಿಯೇ. ಇವುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ತಾರೀಖನ್ನು ಆರಿಸುತ್ತೇನೆ. ಸೆಕ್ಷನ್ 44ರ ಪ್ರಕಾರ ಮಾರುವವನು ಒಪ್ಪಿಸಲು ಸಿದ್ಧನಿದ್ದು, ಎತ್ತಿಕೊಂಡು ಹೋಗು ಎಂದು ಕೇಳಿದ ಮೇಲೂ ಯೋಗ್ಯ ಕಾಲದೊಳಗೆ ಕೊಂಡವನು ಎತ್ತದಿದ್ದರೆ, ಅದರಿಂದಾದ ನಷ್ಟದ ಜೊತೆಗೆ ಮಾಲನ್ನು ಕಾದ ಖರ್ಚನ್ನೂ ಕೊಡಬೇಕು. ರಾಶಿಯ ಪಕ್ಕ ಮಂಚ ಹಾಕಿಕೊಂಡು ಮಲಗಿದ ನಾಲ್ಕು ರಾತ್ರಿಗೂ ಕೂಲಿ ಇದೆ. ಲಾರಿ ಯಾವ ದಿನ ಬರಬೇಕಿತ್ತು ಎಂದು ಬರೆದಿಟ್ಟುಕೊಂಡವನು ಅದನ್ನು ಕೇಳಬಹುದು.